1832ರ ಸುಧಾರಣಾ ಕಾಯ್ದೆ ಅಷ್ಟೊಂದು ‘ಮಹಾ’ ಯಾಕೆ?

ಶಿರಸಿ ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡಿಗ್ರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ ನಾನು. ಮುಂದಿನ ವಾರ ಬಿ.ಎ. ಮಕ್ಕಳಿಗೆ ಬ್ರಿಟನ್ನಿನ ಪಾರ್ಲಿಮೆಂಟ್ ಸುಧಾರಣೆಯ ಪಾಠ ಶುರು ಮಾಡಬೇಕು. ನೋಟ್ಸ್‌ನಲ್ಲೆಲ್ಲ 1832ರ ಕಾಯ್ದೆಗೆ ‘ಮಹಾ ಸುಧಾರಣಾ ಕಾಯ್ದೆ’ ಅಂತಲೇ ಹೆಸರು. ಲೆಕ್ಕ ನೋಡಿದರೆ ನಗು ಬರುತ್ತದೆ. ಆಗ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 1 ಕೋಟಿ 39 ಲಕ್ಷ ಜನ. ಮತದಾರರು ಸುಮಾರು 4 ಲಕ್ಷ ಇದ್ದವರು ಆರೂವರೆ ಲಕ್ಷ ಆದರು. ಅಷ್ಟೇ! ಹೆಂಗಸರಿಗೆ ಮತ ಇಲ್ಲ, ಕೂಲಿಯವರಿಗೆ ಇಲ್ಲ. ಇದರಲ್ಲಿ ‘ಮಹಾ’ ಏನು ಬಂತು?

ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಒಬ್ಬ ಇದ್ದಾನೆ, ಈ ಪ್ರಶ್ನೆ ಕೇಳದೆ ಬಿಡುವುದಿಲ್ಲ. ಇಸವಿಗಳು ನನ್ನ ಹತ್ತಿರ ಬೇಕಾದಷ್ಟಿವೆ. ಅವನ ಮುಂದೆ ನಿಂತು ಹೇಳುವಂಥದ್ದು ಏನಾದರೂ ಇದ್ದರೆ ತಿಳಿಸಿ.

ನೋಟ್ಸ್ ರಾಜ:

ಸರ್, ಇಸವಿ ಬೇಡ ಅಂದರೂ ಹೇಳುತ್ತೇನೆ, ಪರೀಕ್ಷೆಗೆ ಬರುವುದು ಅದೇ. 1832 ಮಧ್ಯಮ ವರ್ಗ, 1867 ಪಟ್ಟಣದ ಕಾರ್ಮಿಕರು, 1884 ಹಳ್ಳಿಯ ಕಾರ್ಮಿಕರು, 1918ರಲ್ಲಿ 21 ದಾಟಿದ ಗಂಡಸರು ಮತ್ತು 30 ದಾಟಿದ ಕೆಲವು ಹೆಂಗಸರು, 1928ರಲ್ಲಿ ಇಬ್ಬರಿಗೂ 21. ಇಷ್ಟು ಬಾಯಿಪಾಠ ಮಾಡಿಸಿ, ಐದು ಮಾರ್ಕ್ಸ್ ಗ್ಯಾರಂಟಿ.

ದಾವಣಗೆರೆ ಟು ಮ್ಯಾಂಚೆಸ್ಟರ್:

ಮೇಷ್ಟ್ರೇ, ನಾನು ಓದಿದ್ದು ಎಂಜಿನಿಯರಿಂಗ್. ಆದರೆ ಆಫೀಸಿಗೆ ಹೋಗುವಾಗ ಟ್ರಾಮ್ ಇಳಿಯುವುದು ಸೇಂಟ್ ಪೀಟರ್ಸ್ ಸ್ಕ್ವೇರ್‌ನಲ್ಲಿ. ಈ ಕಥೆಯ ರಕ್ತ ಚೆಲ್ಲಿದ್ದು ಅಲ್ಲೇ. ಹಾಗಾಗಿ ಹುಚ್ಚು ಹಿಡಿದು ಓದಿಕೊಂಡಿದ್ದೇನೆ. (‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡ ಊರಿನಿಂದ ಅಸಲಿ ಮ್ಯಾಂಚೆಸ್ಟರಿಗೆ ಬಂದವಳು. ನಮ್ಮಲ್ಲಿ ಕನಿಷ್ಠ ಬೆಣ್ಣೆದೋಸೆಯಾದರೂ ಸಿಗುತ್ತದೆ.)

ಮತದಾರರನ್ನು ಎಣಿಸುತ್ತಾ ಕೂತರೆ 1832 ಅರ್ಥವಾಗುವುದಿಲ್ಲ. ಆ ಹುಡುಗನನ್ನು ಓಲ್ಡ್ ಸೇರಂ ಎಂಬ ಗುಡ್ಡಕ್ಕೆ ಕರೆದುಕೊಂಡು ಹೋಗಿ. ಇದು ದಕ್ಷಿಣ ಇಂಗ್ಲೆಂಡಿನ ಸಾಲ್ಸ್‌ಬರಿ ಪಟ್ಟಣದ ಪಕ್ಕದಲ್ಲಿದೆ. ಒಂದು ಕಾಲಕ್ಕೆ ಅಲ್ಲಿ ಕೋಟೆ, ದೊಡ್ಡ ಚರ್ಚು, ಊರು ಎಲ್ಲ ಇತ್ತು. 13ನೇ ಶತಮಾನದಲ್ಲಿ ಚರ್ಚು ಕೆಳಗಿನ ಬಯಲಿಗೆ ಹೋಯಿತು, ಹಿಂದೆಯೇ ಜನರೂ ಇಳಿದು ಹೋದರು. ಉಳಿದದ್ದು ಹುಲ್ಲು, ಮಣ್ಣಿನ ದಿಬ್ಬ, ಮೇಯುವ ಕುರಿಗಳು. ಆದರೂ ಆ ಗುಡ್ಡ ಪಾರ್ಲಿಮೆಂಟಿಗೆ ಇಬ್ಬರನ್ನು ಕಳಿಸುತ್ತಲೇ ಇತ್ತು, 1832ರವರೆಗೂ! ಕಡೆಯ ಹೊತ್ತಿಗೆ ಮತದಾರರು 11 ಜನ, ಅವರಲ್ಲಿ ಒಬ್ಬರೂ ಅಲ್ಲಿ ವಾಸವಿರಲಿಲ್ಲ. ಹೊಲದ ನಡುವೆ ಒಂದು ಎಲ್ಮ್ ಮರ ಇತ್ತು, ಚುನಾವಣೆ ಅದರ ಕೆಳಗೆ. ಜನ ಆ ಮರವನ್ನು ‘ಪಾರ್ಲಿಮೆಂಟ್ ಮರ’ ಅಂತಲೇ ಕರೆಯುತ್ತಿದ್ದರು.

ಈಗ ಮಜಾ ನೋಡಿ. ಆ ಜಮೀನು ಯಾರದೋ, ಆ ಎರಡು ಸೀಟು ಅವರದು. 1690ರ ದಶಕದಲ್ಲಿ ಅದನ್ನು ಕೊಂಡವನು ಥಾಮಸ್ ಪಿಟ್. ಇವನು ನಮ್ಮ ಕಡೆ ವ್ಯಾಪಾರ ಮಾಡಿ ದುಡ್ಡು ಮಾಡಿದವನು, ಆಮೇಲೆ ಮದ್ರಾಸಿನ ಗವರ್ನರ್ ಆದ. ಗೋಲ್ಕೊಂಡದ ಗಣಿಯ ದೊಡ್ಡ ವಜ್ರವೊಂದನ್ನು ಮದ್ರಾಸಿನಲ್ಲಿ ಕೊಂಡು 1717ರಲ್ಲಿ ಫ್ರಾನ್ಸಿನ ರಾಜಮನೆತನಕ್ಕೆ ಮಾರಿದ. ಅದು ಇವತ್ತು ಪ್ಯಾರಿಸಿನ ಲೂವ್ರ್ ಮ್ಯೂಸಿಯಮ್ಮಿನ ಆಸ್ತಿ. ಅವನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ ಮೊದಲ ಸಲ ಸಂಸದನಾದದ್ದು ಇದೇ ಗುಡ್ಡದಿಂದ. ತಾತನ ಜಮೀನು, ಮನೆಯ ಸೀಟು. 1770ರಲ್ಲಿ ಇದೇ ಮೊಮ್ಮಗ, ಆಗ ಲಾರ್ಡ್ ಚಾಥಮ್, ಏಷ್ಯಾದ ಐಶ್ವರ್ಯ ಬಂದು ಸುರಿದು ನಮ್ಮ ರಾಜಕೀಯ ಕೆಡುತ್ತಿದೆ ಅಂತ ಸಭೆಯಲ್ಲಿ ಗೋಳಾಡಿದ. ತಾನು ಕೂತು ಎದ್ದ ಕುರ್ಚಿ ಯಾರ ದುಡ್ಡಿನದು ಅಂತ ಯಾರೂ ಕೇಳಲಿಲ್ಲ ಅಂತ ಕಾಣುತ್ತದೆ.

1802ರಲ್ಲಿ ಓಲ್ಡ್ ಸೇರಂ ಮತ್ತೆ ಮಾರಾಟವಾಯಿತು. ಕ್ಯಾಲಡನ್ ಅರ್ಲ್ ಅದಕ್ಕೆ 60,000 ಪೌಂಡ್ ಕೊಟ್ಟ. ಅವನಪ್ಪ ಕೂಡ ಇಂಡಿಯಾದಲ್ಲಿ ದುಡ್ಡು ಮಾಡಿ ಬಂದವನೇ. ಕುರಿ ಮೇಯುವ ಗುಡ್ಡಕ್ಕೆ ಆ ಕಾಲದಲ್ಲಿ ಅಷ್ಟು ಬೆಲೆ ಯಾರು ಕೊಡುತ್ತಾರೆ? ಕೊಟ್ಟದ್ದು ಎರಡು ಸೀಟಿಗೆ.

ಇಂಥವು ಇನ್ನೂ ಬೇಕಾದಷ್ಟಿದ್ದವು. ಸಫೋಕ್ ತೀರದ ಡನಿಚ್ ಎಂಬ ಬಂದರು ಊರಿನ ಬಹುಪಾಲು ಸಮುದ್ರದ ಪಾಲಾಗಿತ್ತು, ಅದಕ್ಕೂ ಇಬ್ಬರು ಸಂಸದರು. ಅದೇ ಹೊತ್ತಿಗೆ ಲಕ್ಷಕ್ಕೂ ಹೆಚ್ಚು ಜನರಿದ್ದ ಮ್ಯಾಂಚೆಸ್ಟರಿಗೆ? ಸೊನ್ನೆ. ಲೀಡ್ಸ್, ಬರ್ಮಿಂಗ್‌ಹ್ಯಾಮ್? ಅವಕ್ಕೂ ಸೊನ್ನೆ.

1819ರ ಆಗಸ್ಟ್ 16ರಂದು ಸುಮಾರು 60,000 ಜನ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಫೀಲ್ಡ್ ಮೈದಾನಕ್ಕೆ ಬಂದದ್ದು ಇದಕ್ಕೇ. ಸುತ್ತಲಿನ ನೇಕಾರರ ಊರುಗಳಿಂದ ಭಾನುವಾರದ ಒಳ್ಳೇ ಬಟ್ಟೆ ಹಾಕಿಕೊಂಡು ಸಾಲಾಗಿ ನಡೆದು ಬಂದರು. ಬಿಳಿ ಉಡುಪಿನ ಹೆಂಗಸರ ತಂಡಗಳೂ ಇದ್ದವು. ಸುಧಾರಣೆಗೆ ಹೋರಾಡುತ್ತಿದ್ದ ಭಾಷಣಕಾರ ಹೆನ್ರಿ ಹಂಟ್ ಮಾತು ಶುರು ಮಾಡುತ್ತಿದ್ದ ಹಾಗೆ ಮ್ಯಾಜಿಸ್ಟ್ರೇಟರು ಕುದುರೆ ಪಡೆ ಕಳಿಸಿದರು. ಮೊದಲು ಬಂದದ್ದು ಊರಿನ ಅಂಗಡಿ ಮತ್ತು ಗಿರಣಿ ಮಾಲೀಕರೇ ಸೇರಿದ್ದ ಹವ್ಯಾಸಿ ಪಡೆ, ಹಿಂದೆ ಅಸಲಿ ಸೈನ್ಯ. ಸತ್ತವರು 18 ಅಂತ ಈಗಿನ ಎಣಿಕೆ, ಗಾಯಗೊಂಡವರು ನೂರಾರು. ಮೊದಲ ಸಾವು ವಿಲಿಯಂ ಫೀಲ್ಡ್ಸ್ ಎಂಬ ಎರಡು ವರ್ಷದ ಮಗು. ಮೈದಾನಕ್ಕೆ ಓಡುತ್ತಿದ್ದ ಕುದುರೆ ಡಿಕ್ಕಿ ಹೊಡೆದು ತಾಯಿಯ ಕೈಯಿಂದ ಬಿತ್ತು. ಓಲ್ಡಮ್ಮಿನ ಜಾನ್ ಲೀಸ್ ಎಂಬ ಹುಡುಗ ನಾಲ್ಕು ವರ್ಷದ ಹಿಂದೆ ವಾಟರ್‌ಲೂ ಯುದ್ಧದಿಂದ ಬದುಕಿ ಬಂದಿದ್ದ. ಇಲ್ಲಿ ತಿಂದ ಕತ್ತಿಯೇಟಿಗೆ ಮೂರು ವಾರದಲ್ಲಿ ಸತ್ತ. ವಾಟರ್‌ಲೂ ಹೆಸರನ್ನೇ ತಿರುಚಿ ಜನ ಇದಕ್ಕೆ ‘ಪೀಟರ್‌ಲೂ’ ಅಂದರು. ಜೈಲಿಗೆ ಹೋದದ್ದು ಯಾರು? ಹಂಟ್. ಎರಡೂವರೆ ವರ್ಷ.

ಮುಂದಿನದ್ದನ್ನು ಬೇಗ ಹೇಳುತ್ತೇನೆ, ನೋಟ್ಸ್‌ನಲ್ಲಿ ಇರುತ್ತದೆ. 1831ರ ಮಾರ್ಚ್‌ನಲ್ಲಿ ಮೊದಲ ಸುಧಾರಣಾ ಮಸೂದೆ ಎರಡನೇ ವಾಚನದಲ್ಲಿ 302ಕ್ಕೆ 301, ಅಂದರೆ ಒಂದೇ ಮತದಲ್ಲಿ ಪಾಸಾಯಿತು. ಆಮೇಲೆ ಸಮಿತಿಯಲ್ಲಿ ಸಿಕ್ಕಿಹಾಕಿಕೊಂಡಿತು, ಚುನಾವಣೆ ನಡೆಯಿತು, ಹೊಸ ಮಸೂದೆ ಬಂತು. ಅಕ್ಟೋಬರಿನಲ್ಲಿ ಮೇಲ್ಮನೆಯಾದ ಲಾರ್ಡ್ಸ್ ಸಭೆ ಅದನ್ನು ಬೀಳಿಸಿತು. ನಾಟಿಂಗ್‌ಹ್ಯಾಮ್ ಕೋಟೆ ಸುಟ್ಟಿತು, ಬ್ರಿಸ್ಟಲ್ ಮೂರು ದಿನ ಉರಿಯಿತು. 1832ರ ಮೇ ತಿಂಗಳಲ್ಲಿ ಸುಧಾರಣೆಯ ವಿರೋಧಿ ವೆಲಿಂಗ್ಟನ್ ಡ್ಯೂಕ್ ಮತ್ತೆ ಪ್ರಧಾನಿ ಆಗುತ್ತಾನೆ ಅನ್ನುವಾಗ ಲಂಡನ್ನಿನ ಗೋಡೆಗಳ ಮೇಲೆ ಪೋಸ್ಟರ್ ಬಂತು: ಡ್ಯೂಕನನ್ನು ತಡೆಯಬೇಕಾ, ಹೋಗಿ ನಿಮ್ಮ ಚಿನ್ನ ವಾಪಸ್ ತಗೊಳ್ಳಿ. ಜನ ನೋಟು ಹಿಡಿದು ಬ್ಯಾಂಕಿನ ಮುಂದೆ ನಿಂತರು. ಕೆಲವೇ ದಿನದಲ್ಲಿ ಹದಿನೈದು ಲಕ್ಷ ಪೌಂಡ್ ಬೆಲೆಯ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ ಹೊರಗೆ. ಜೂನ್ 7ಕ್ಕೆ ರಾಜನ ಅಂಕಿತ ಬಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ಕಾಯ್ದೆಯಲ್ಲಿ 56 ಊರುಗಳು ಇದ್ದ ಸೀಟನ್ನೆಲ್ಲ ಕಳೆದುಕೊಂಡವು, 30 ಊರುಗಳು ಒಂದೊಂದು. ಮಾಲೀಕರಿಗೆ ಸಿಕ್ಕ ಪರಿಹಾರ ಎಷ್ಟು? ಬಿಡಿಗಾಸೂ ಇಲ್ಲ. ಇದರ ತೂಕ ಗೊತ್ತಾಗಬೇಕಾದರೆ ಸ್ವಲ್ಪ ಹಿಂದೆ ಹೋಗಿ. 1785ರಲ್ಲಿ ಕಿರಿಯ ಪಿಟ್, ಅಂದರೆ ವಜ್ರದ ಪಿಟ್ಟಿನ ಮರಿಮಗ, 36 ಇಂಥ ಊರುಗಳನ್ನು ತೆಗೆಯೋಣ, ಮಾಲೀಕರಿಗೆ ಹತ್ತು ಲಕ್ಷ ಪೌಂಡ್ ಪರಿಹಾರ ಕೊಡೋಣ ಅಂದ. ಪ್ರಧಾನಿಯೇ ತಂದರೂ ಸೋತಿತು. 1800ರಲ್ಲಿ ಐರ್ಲೆಂಡಿನ ಪಾರ್ಲಿಮೆಂಟನ್ನು ಮುಚ್ಚಿದಾಗ ಸೀಟು ಹೋದ ಒಂದೊಂದು ಊರಿಗೂ 15,000 ಪೌಂಡ್ ನಿಜವಾಗಿಯೂ ಎಣಿಸಿ ಕೊಟ್ಟರು. ಸೀಟು ಅಂದರೆ ಮನೆ, ತೋಟ, ಗದ್ದೆ ಇದ್ದ ಹಾಗೆ ಆಸ್ತಿ ಅಂತ ಸರ್ಕಾರವೇ ಒಪ್ಪಿತ್ತು.

1832ರಲ್ಲಿ ಅದು ಮುಗಿಯಿತು. 60,000 ಪೌಂಡ್ ಸುರಿದು ಕೊಂಡಿದ್ದ ಓಲ್ಡ್ ಸೇರಂ ಒಂದೇ ದಿನಕ್ಕೆ ಬರೀ ಕುರಿ ಗುಡ್ಡ ಆಯಿತು. ಇದು ಆಸ್ತಿ ಅಲ್ಲ, ಯಾರಿಗೂ ಏನೂ ಕೊಡಬೇಕಾಗಿಲ್ಲ ಅಂತ ಪಾರ್ಲಿಮೆಂಟೇ ಹೇಳಿದ ಹಾಗಾಯಿತು. ಅದೂ ಆಸ್ತಿ ಅಂದರೆ ಪ್ರಾಣ ಬಿಡುವ ಪಾರ್ಲಿಮೆಂಟ್. ಮರುವರ್ಷ, 1833ರಲ್ಲಿ, ಗುಲಾಮಗಿರಿ ರದ್ದು ಮಾಡುವಾಗ ಗುಲಾಮರ ಮಾಲೀಕರಿಗೆ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟವರು ಇದೇ ಜನ. ಗುಲಾಮರಿಗೆ ಏನೂ ಕೊಡಲಿಲ್ಲ.

ನನ್ನ ಲೆಕ್ಕದಲ್ಲಿ ‘ಮಹಾ’ ಅನ್ನುವುದಕ್ಕೆ ಇದೊಂದೇ ಕಾರಣ. ಹೊಸ ಮತದಾರರ ವಿಷಯದಲ್ಲಿ ಅದು ಜಿಪುಣ ಕಾಯ್ದೆಯೇ.

ಹಳೇ ಮೈಸೂರಿಗ:

ತಂಗೀ, ಚೆನ್ನಾಗಿ ಬರೆದಿದ್ದೀಯಮ್ಮ. ದುಡ್ಡಿನ ಮಾತು ತೆಗೆದೆಯಲ್ಲ, ಅದಕ್ಕೆ ಒಂದು ಬಾಲ ಸೇರಿಸುತ್ತೇನೆ.

ಹೈದರ್ ಅಲಿಗೂ ಆರ್ಕಾಟಿನ ನವಾಬ ಮಹಮ್ಮದ್ ಅಲಿ ವಾಲಾಜಾನಿಗೂ ಹಾವು ಮುಂಗುಸಿ ಸಂಬಂಧ, ಅದು ನಮ್ಮವರಿಗೆ ಗೊತ್ತು. ನವಾಬನ ಬೆನ್ನಿಗೆ ನಿಂತದ್ದು ಈಸ್ಟ್ ಇಂಡಿಯಾ ಕಂಪನಿ. ಸೈನ್ಯದ ಖರ್ಚು, ದರ್ಬಾರಿನ ಖರ್ಚು, ಎಲ್ಲಕ್ಕೂ ಅವನು ಸಾಲ ಮಾಡುತ್ತಿದ್ದ. ಸಾಲ ಕೊಡುತ್ತಿದ್ದವರು ಅದೇ ಕಂಪನಿಯ ನೌಕರರು, ಸ್ವಂತ ಲೆಕ್ಕದಲ್ಲಿ, ಭಾರೀ ಬಡ್ಡಿಗೆ. ಅವರಲ್ಲಿ ಪಾಲ್ ಬೆನ್‌ಫೀಲ್ಡ್ ದೊಡ್ಡ ಕುಳ. ತಂಜಾವೂರಿನ ಕಂದಾಯವೂ ಇವನ ಸಾಲಕ್ಕೆ ಅಡವಾಗಿತ್ತು. ಗದ್ದೆ ಉತ್ತವನು ಕಾವೇರಿ ಬಯಲಿನಲ್ಲಿ, ದುಡ್ಡು ಹೋದದ್ದು ಲಂಡನ್ನಿಗೆ, ಅಲ್ಲಿ ಅದು ಸೀಟಾಯಿತು. ಬೆನ್‌ಫೀಲ್ಡ್ ತಾನೂ ಸಂಸದನಾದ. 1785ರಲ್ಲಿ ಸಂಸದ ಎಡ್ಮಂಡ್ ಬರ್ಕ್ ನವಾಬನ ಸಾಲದ ಬಗ್ಗೆ ಮಾಡಿದ ಭಾಷಣದಲ್ಲಿ ಹೇಳಿದ್ದು ಇದು: ಬೆನ್‌ಫೀಲ್ಡ್ ತನ್ನನ್ನೂ ಸೇರಿಸಿ ಕಳೆದ ಪಾರ್ಲಿಮೆಂಟಿನಲ್ಲಿ ಎಂಟು ಸದಸ್ಯರನ್ನು ಮಾಡಿಕೊಂಡಿದ್ದ. ಸಾಲ ಕೊಟ್ಟವರ ಬೇಡಿಕೆಯನ್ನು ಪರಿಶೀಲನೆ ಇಲ್ಲದೆ ಒಪ್ಪಿದ್ದು ಪಿಟ್ ಸರ್ಕಾರ. ಪರಿಹಾರ ಕೊಟ್ಟು ಸೀಟು ತೆಗೆಯೋಣ ಅಂದನಲ್ಲ, ಅದೇ ಪಿಟ್.

ಬರ್ಕನೂ ಸಾಚಾ ಅಂತ ಹೇಳುತ್ತಿಲ್ಲ. ಅವನು ಪಾರ್ಲಿಮೆಂಟ್ ಸುಧಾರಣೆಗೆ ವಿರೋಧಿ. ಅವನು ಆಗ ಕೂತಿದ್ದ ಮಾಲ್ಟನ್ ಸೀಟೂ ಒಬ್ಬ ಜಮೀನ್ದಾರರ ಕೈಯಲ್ಲಿದ್ದದ್ದೇ.

ಕೆಂಪು ಟೋಪಿ:

ಇಬ್ಬರೂ ಮೇಲಿನವರ ಕಥೆಯನ್ನೇ ಹೇಳಿದಿರಿ. ಪೀಟರ್‌ಲೂ ಹೆನ್ರಿ ಹಂಟ್ 1830ರಲ್ಲಿ ಪ್ರೆಸ್ಟನ್ನಿನಿಂದ ಗೆದ್ದು ಸಂಸದನಾಗಿದ್ದ. ಪ್ರೆಸ್ಟನ್ನಿನಲ್ಲಿ ಹಳೇ ಪದ್ಧತಿಯಲ್ಲೇ ಬಡ ಗಂಡಸರಿಗೂ ಮತ ಇತ್ತು. ಇನ್ನು ಕೆಲವು ಊರಿನಲ್ಲಿ ಸ್ವಂತ ಒಲೆ ಹೂಡಿ ಪಾತ್ರೆ ಕುದಿಸುವವನಿಗೆಲ್ಲ ಮತ. 1832ರ ಕಾಯ್ದೆ ಅವರಲ್ಲಿ ಆಗ ಇದ್ದವರಿಗೆ ಮಾತ್ರ ಹಕ್ಕು ಉಳಿಸಿತು, ಅವರ ಮಕ್ಕಳಿಗೆ ವರ್ಷಕ್ಕೆ 10 ಪೌಂಡ್ ಬೆಲೆಯ ಮನೆ ಇರಬೇಕು ಅಂದಿತು. ಅಂದರೆ ಕಾಲ ಕಳೆದ ಹಾಗೆ ಕೂಲಿಯವನ ಮತ ಕಮ್ಮಿ ಆಯಿತು. ಬಡವರಿಗೆ ಇದರಲ್ಲಿ ಏನೂ ಇಲ್ಲ ಅಂತ ಹಂಟ್ ಆಗಲೇ ಕೂಗಿಕೊಂಡ, ಪ್ರಗತಿಪರರೇ ಅವನನ್ನು ಬೈದರು. ಎಲ್ಲ ಗಂಡಸರಿಗೂ ಮತ ಬೇಕು ಅಂದ ಚಾರ್ಟಿಸ್ಟ್ ಚಳವಳಿ 1838ರಲ್ಲಿ ಹುಟ್ಟಿದ್ದು ಈ ಮೋಸದ ಸಿಟ್ಟಿನಿಂದಲೇ. 1842ರ ಅರ್ಜಿಗೆ 33 ಲಕ್ಷ ಸಹಿ! ಕಸದ ಬುಟ್ಟಿಗೆ ಹಾಕಿದರು. ನಿಮ್ಮ ‘ಮಹಾ’ ಕಾಯ್ದೆ ಸಿರಿವಂತರ ಜೊತೆ ಅರೆಸಿರಿವಂತರು ಮಾಡಿಕೊಂಡ ರಾಜಿ, ಅಷ್ಟೇ.

ಶಿರಸಿ ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. ಪರಿಹಾರದ ಮಾತು ನನ್ನ ತಲೆಗೇ ಹೋಗಿರಲಿಲ್ಲ, ಹಿಂದಿನ ಬೆಂಚಿಗೆ ಅದು ಸಾಕು. ಮ್ಯಾಂಚೆಸ್ಟರ್ ಮೇಡಂ, ಇನ್ನೊಂದು ವಿಷಯ. 1872ರವರೆಗೆ ಮತ ಗುಟ್ಟಾಗಿರಲಿಲ್ಲ ಅಂತ ಓದಿದ್ದೇನೆ. ಹಾಗಾದರೆ ಹೇಗೆ ಹಾಕುತ್ತಿದ್ದರು? ಹೆಣ್ಣುಮಕ್ಕಳ ಬಗ್ಗೆಯೂ ಸ್ವಲ್ಪ ಹೇಳಿ, ನಮ್ಮ ಕ್ಲಾಸಿನಲ್ಲಿ ಅವರೇ ಜಾಸ್ತಿ.

ದಾವಣಗೆರೆ ಟು ಮ್ಯಾಂಚೆಸ್ಟರ್:

ಕೆಂಪು ಟೋಪಿಯವರೇ, ರಾಜಿ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಸೀಟು ಆಸ್ತಿಯಾಗೇ ಉಳಿದಿದ್ದರೆ ಆ 33 ಲಕ್ಷ ಜನ ಸಹಿ ಹಾಕಿ ಕೇಳುವುದಕ್ಕೆ ದಾರಿಯೇ ಇರುತ್ತಿರಲಿಲ್ಲ ಅನ್ನುವುದು ನನ್ನ ವಾದ. ಅವರು ಕೇಳಿದ ಆರು ಬೇಡಿಕೆಗಳಲ್ಲಿ ವರ್ಷ ವರ್ಷ ಚುನಾವಣೆ ಅನ್ನುವುದೊಂದು ಬಿಟ್ಟು ಉಳಿದದ್ದೆಲ್ಲ ಮುಂದೆ ಬಂತಲ್ವಾ?

ಮೇಷ್ಟ್ರೇ, ನಿಮ್ಮ ಎರಡು ಪ್ರಶ್ನೆಗೂ ಉತ್ತರವಾಗಿ ಒಬ್ಬಳೇ ಹೆಂಗಸು ಸಿಗುತ್ತಾಳೆ. ಲಿಲಿ ಮ್ಯಾಕ್ಸ್‌ವೆಲ್. ಮ್ಯಾಂಚೆಸ್ಟರಿನ ವಿಧವೆ, ಪಿಂಗಾಣಿ ಪಾತ್ರೆ ಮಾರುವ ಚಿಕ್ಕ ಅಂಗಡಿ. ಬಾಡಿಗೆ, ತೆರಿಗೆ ಎಲ್ಲ ತಾನೇ ಕಟ್ಟುತ್ತಿದ್ದಳು. 1832ರ ಕಾಯ್ದೆ ಮತದಾರ ‘ಗಂಡಸಾಗಿರಬೇಕು’ ಅಂತ ಮೊದಲ ಸಲ ಬಾಯಿ ಬಿಟ್ಟು ಬರೆದಿತ್ತು. ಆದರೂ 1867ರಲ್ಲಿ ಗುಮಾಸ್ತನ ಎಡವಟ್ಟಿನಿಂದ ಪಟ್ಟಿಯಲ್ಲಿ ಇವಳ ಹೆಸರು ಸೇರಿಬಿಟ್ಟಿತು. ಹೆಸರು ಪಟ್ಟಿಯಲ್ಲಿದ್ದರೆ ಅಧಿಕಾರಿ ಮತ ತಗೊಳ್ಳಲೇಬೇಕು. ಮತದ ಹಕ್ಕಿಗೆ ಓಡಾಡುತ್ತಿದ್ದ ಲಿಡಿಯಾ ಬೆಕರ್‌ಗೆ ಇದು ಗೊತ್ತಾಯಿತು. ನವೆಂಬರ್ 26ರ ಉಪಚುನಾವಣೆಗೆ ಅಂಗಡಿಗೇ ಹೋಗಿ ಲಿಲಿಯನ್ನು ಕರೆದುಕೊಂಡು ಬಂದಳು.

ಆಗ ಮತ ಹಾಕುವುದು ಅಂದರೆ ಬಾಯಲ್ಲಿ ಹೇಳುವುದು. ನೀವು ಎಲ್ಲರ ಎದುರು ಹೋಗಿ ನಿಂತು ಹೆಸರು ಹೇಳಬೇಕು, ಯಾರಿಗೆ ಅಂತ ಗಟ್ಟಿಯಾಗಿ ಹೇಳಬೇಕು. ಗುಮಾಸ್ತ ಬರೆದುಕೊಳ್ಳುತ್ತಾನೆ. ಯಾರು ಯಾರಿಗೆ ಹಾಕಿದರು ಅಂತ ಪುಸ್ತಕ ಅಚ್ಚು ಹಾಕಿ ಮಾರುತ್ತಲೂ ಇದ್ದರು. ಗಿರಣಿ ಧಣಿ ನೋಡುತ್ತಾನೆ, ಬಾಡಿಗೆ ಮನೆಯವನು ನೋಡುತ್ತಾನೆ. 1868ರ ಚುನಾವಣೆ ಆದ ಮೇಲೆ ವೇಲ್ಸ್‌ನಲ್ಲಿ ಧಣಿ ಹೇಳಿದವನಿಗೆ ಹಾಕದ ಗೇಣಿದಾರರನ್ನು ಒಕ್ಕಲೆಬ್ಬಿಸಿದರು.

ಲಿಲಿ ಎಲ್ಲರ ಎದುರು ಜೇಕಬ್ ಬ್ರೈಟ್ ಅಂತ ಹೇಳಿದಳು. ಬ್ರೈಟ್ ಹೆಂಗಸರ ಮತದ ಪರ ಇದ್ದವನು. ಅಲ್ಲಿದ್ದ ಜನ ಜೈಕಾರ ಹಾಕಿದರು, ಅವನು ಗೆದ್ದೂ ಗೆದ್ದ. ಅವಳು ಮತ ಹಾಕಿದ ಚಾರ್ಲ್‌ಟನ್ ಟೌನ್ ಹಾಲ್‌ನ ಕಂಬಗಳಿರುವ ಮುಂಭಾಗ ಇವತ್ತಿಗೂ ಯೂನಿವರ್ಸಿಟಿ ಕಟ್ಟಡಕ್ಕೆ ಅಂಟಿಕೊಂಡು ನಿಂತಿದೆ. ಹುಡುಗರು ಅದರ ಮೆಟ್ಟಿಲ ಮೇಲೆ ಕೂತು ಚಿಪ್ಸ್ ತಿನ್ನುತ್ತಿರುತ್ತಾರೆ.

ಆಮೇಲೆ ಮ್ಯಾಂಚೆಸ್ಟರಿನ ಐದು ಸಾವಿರಕ್ಕೂ ಹೆಚ್ಚು ಹೆಂಗಸರು ನಮ್ಮ ಹೆಸರೂ ಸೇರಿಸಿ ಅಂತ ಅರ್ಜಿ ಹಾಕಿದರು. 1868ರಲ್ಲಿ ಕೋರ್ಟು ಆಗಲ್ಲ ಅಂದಿತು. ಅವರ ಪರ ವಾದಿಸಿದ ವಕೀಲರಲ್ಲಿ ಒಬ್ಬರು ರಿಚರ್ಡ್ ಪ್ಯಾಂಕ್‌ಹರ್ಸ್ಟ್. ಮುಂದೆ ಅವರ ಹೆಂಡತಿ ಎಮಿಲಿನ್ ಇದೇ ಊರಿನ ಮನೆಯಲ್ಲಿ 1903ರಲ್ಲಿ ಹೆಂಗಸರ ಮತಕ್ಕಾಗಿ ಕಟ್ಟಿದ ಸಂಘಟನೆ ಎಂಥದ್ದು ಅಂತ ನಿಮ್ಮ ನೋಟ್ಸ್‌ನಲ್ಲಿ ಇದ್ದೇ ಇರುತ್ತದೆ.

ಗುಟ್ಟಿನ ಮತದ ಮೊದಲ ಸಂಸದ ಚುನಾವಣೆ 1872ರ ಆಗಸ್ಟ್ 15ರಂದು ಯಾರ್ಕ್‌ಷೈರಿನ ಪಾಂಟೆಫ್ರಾಕ್ಟ್‌ನಲ್ಲಿ. ಆ ಊರು ಜ್ಯೇಷ್ಠಮಧುವಿನ ಮಿಠಾಯಿಗೆ ಹೆಸರುವಾಸಿ. ಮತಪೆಟ್ಟಿಗೆಗೆ ಅರಗು ಹಾಕಿ ಮುದ್ರೆ ಒತ್ತಿದ್ದು ಮಿಠಾಯಿ ಕಾರ್ಖಾನೆಯ ಅಚ್ಚಿನಿಂದ. ಪೆಟ್ಟಿಗೆ ಅಲ್ಲಿನ ಮ್ಯೂಸಿಯಮ್ಮಿನಲ್ಲಿದೆ, ಮೇಲೆ ಅರಗಿನ ಗುರುತೂ ಇದೆ.

ಕ್ಲಾಸಿಗೆ ಒಂದು ಐಡಿಯಾ: ನಿಮ್ಮಲ್ಲಿ ಸಿ.ಆರ್. (ಕ್ಲಾಸಿನ ಪ್ರತಿನಿಧಿ) ಆಯ್ಕೆ ಇದ್ದರೆ ಮೊದಲು ಒಬ್ಬೊಬ್ಬರೇ ಎದ್ದು ಹೆಸರು ಹೇಳಲಿ, ಆಮೇಲೆ ಚೀಟಿಯಲ್ಲಿ ಬರೆಯಲಿ. ಎರಡೂ ಲೆಕ್ಕ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದುಬಿಡಿ.

ಶಿರಸಿ ಮೇಷ್ಟ್ರು:

ಸಿ.ಆರ್. ಐಡಿಯಾ ಸೂಪರ್ ಮೇಡಂ. ಗಲಾಟೆ ಆದರೆ ಪ್ರಿನ್ಸಿಪಾಲರ ಹತ್ತಿರ ನಿಮ್ಮ ಹೆಸರು ಹೇಳುತ್ತೇನೆ.

ಪಿಯು ಪಾಪು:

ಅಕ್ಕಾ, ಒಂದು ಡೌಟು. ನೀವು ಅಲ್ಲಿ ಸುಮ್ನೆ ಕೆಲಸದ ವೀಸಾದಲ್ಲಿ ಇರೋದಾ? ನಿಮಗೂ ಅಲ್ಲಿ ವೋಟ್ ಇದೆಯಾ?

ದಾವಣಗೆರೆ ಟು ಮ್ಯಾಂಚೆಸ್ಟರ್:

ಇದೆ ಕಣೋ! ಪಾಸ್‌ಪೋರ್ಟ್ ಇಂಡಿಯಾದ್ದೇ. ಆದರೂ ಭಾರತ ಕಾಮನ್‌ವೆಲ್ತ್ ದೇಶ ಆದ್ದರಿಂದ, ವೀಸಾದಲ್ಲಿ ಇಲ್ಲಿ ವಾಸವಿರುವ ನಮ್ಮವರು ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಹಿಂದೆ ಸಾಮ್ರಾಜ್ಯದ ಪ್ರಜೆಗಳಿಗೆ ಇದ್ದ ಹಕ್ಕು ಹಾಗೇ ಮುಂದುವರಿದು ಬಂದಿದೆ. ದಾದಾಭಾಯಿ ನವರೋಜಿ 1892ರಲ್ಲಿ ಲಂಡನ್ನಿನ ಫಿನ್ಸ್‌ಬರಿಯಿಂದ ಗೆದ್ದು ಇಲ್ಲಿನ ಸಂಸದರಾದದ್ದೂ ಆ ಹಕ್ಕಿನಿಂದಲೇ. ನಮ್ಮ ಆಫೀಸಿನ ಜರ್ಮನಿಯವನಿಗೆ ಸಂಸತ್ತಿಗೆ ಮತ ಇಲ್ಲ, ನನಗಿದೆ. ಅವನಿಗೆ ಇದು ಹೊಟ್ಟೆಕಿಚ್ಚು.

ಹೆಸರು ಆನ್‌ಲೈನಿನಲ್ಲೇ ಸೇರಿಸಬಹುದು. ಈಗ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ, ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ. ಒಳಗೆ ದಾರ ಕಟ್ಟಿದ ಪೆನ್ಸಿಲ್ ಇಟ್ಟಿರುತ್ತಾರೆ, ಅದರಲ್ಲಿ ಗುಣಾಕಾರದ ಗುರುತು ಹಾಕಿ ಮಡಚಿ ಪೆಟ್ಟಿಗೆಗೆ ಹಾಕುವುದು. ಮೈಸೂರು ಶಾಯಿ ಗೀಯಿ ಏನೂ ಇಲ್ಲ. ಬೆರಳಿನ ಫೋಟೋ ಕಳಿಸು ಅಂದ ಅಮ್ಮ, ನಾನು ಮತ ಹಾಕಿದ್ದನ್ನು ಇನ್ನೂ ನಂಬಿಲ್ಲ.